ಒಂದು ಸಾಲು ತಿದ್ದಿದರೆ ಆರು ಪ್ರಾಜೆಕ್ಟ್ ಬಿಲ್ಡ್ ಆಗುತ್ತವೆ: ಮೊನೊರೆಪೋದಲ್ಲಿ ಬದಲಾಗದ್ದನ್ನು ಸ್ಕಿಪ್ ಮಾಡುವುದು ಹೇಗೆ?

ಇಬ್ಬನಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ. ಹಿನ್ನೆಲೆ ಗೊತ್ತಿಲ್ಲದೆ ಉತ್ತರ ಹೇಳುವುದು ಕಷ್ಟ ಅಲ್ವಾ, ಅದಕ್ಕೆ.

ನಮ್ಮ ತಂಡದ ಕೋಡ್ ಎಲ್ಲ ಒಂದೇ ಗಿಟ್ ರೆಪೋದಲ್ಲಿದೆ (ಗಿಟ್ ಅಂದರೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ, ರೆಪೋ ಅಂದರೆ ಕೋಡಿನ ಸಂಗ್ರಹ; ಹೀಗೆ ಎಲ್ಲ ಪ್ರಾಜೆಕ್ಟ್ ಒಂದೇ ಕಡೆ ಇದ್ದರೆ ಮೊನೊರೆಪೋ). ‘ಆ್ಯಪ್ಸ್’ ಫೋಲ್ಡರಿನಲ್ಲಿ ಆರು ಪ್ರಾಜೆಕ್ಟ್: ಬಳಕೆದಾರರು ನೋಡುವ ವೆಬ್‌ಸೈಟ್, ಅಡ್ಮಿನ್, ಡಾಕ್ಸ್ ಸೈಟ್, ಎರಡು ಎಪಿಐ (ಸೈಟುಗಳಿಗೆ ಡೇಟಾ ಕೊಡುವ ಸರ್ವರ್ ಕೋಡ್), ಈಮೇಲ್ ಟೆಂಪ್ಲೇಟ್‌ಗಳ ಒಂದು ಚಿಕ್ಕ ಪ್ರಾಜೆಕ್ಟ್. ‘ಪ್ಯಾಕೇಜಸ್’ ಫೋಲ್ಡರಿನಲ್ಲಿ ಇವೆಲ್ಲ ಹಂಚಿಕೊಳ್ಳುವ ಕೋಡ್: ಬಟನ್, ಫಾರ್ಮ್, ಟೈಪ್‌ಗಳು, ದಿನಾಂಕದ ಫಂಕ್ಷನ್‌ಗಳು. ಇವನ್ನು ಜೋಡಿಸಲು ಪಿಎನ್‌ಪಿಎಂ ಎಂಬ ಪ್ಯಾಕೇಜ್ ಸಾಧನದ ವರ್ಕ್‌ಸ್ಪೇಸ್ ಬಳಸುತ್ತೇವೆ. ಆರೂ ಒಂದೇ ಹೋಸ್ಟಿಂಗ್ ಸೇವೆಯಲ್ಲಿವೆ.

ತೊಂದರೆ ಇದು. ಡಾಕ್ಸ್‌ನಲ್ಲಿ ಒಂದು ಅಕ್ಷರ ತಿದ್ದಿ ಪುಶ್ ಮಾಡಿದರೂ (ರೆಪೋಗೆ ಕಳಿಸಿದರೂ) ಆರಕ್ಕೆ ಆರೂ ಬಿಲ್ಡ್ (ಕೋಡನ್ನು ಓಡುವ ರೂಪಕ್ಕೆ ಸಿದ್ಧಪಡಿಸುವ ಕೆಲಸ) ಶುರುವಾಗುತ್ತವೆ. ನಮ್ಮ ಪ್ಲಾನ್‌ನಲ್ಲಿ ಒಂದು ಸಲಕ್ಕೆ ಒಂದೇ ಬಿಲ್ಡ್ ಓಡುತ್ತದೆ. ಉಳಿದವು ಕ್ಯೂನಲ್ಲಿ ಕಾಯಬೇಕು. ಕಳೆದ ವಾರ ಲಾಗಿನ್ ಕೆಟ್ಟು ಜನ ಒದ್ದಾಡುತ್ತಿದ್ದರು. ಸರಿ ಮಾಡಿದ ಕೋಡ್ ಬೇಗನೆ ಸಿದ್ಧವಾಯಿತು. ಆದರೆ ಅದಕ್ಕಿಂತ ಸ್ವಲ್ಪ ಮುಂಚೆ ತಂಡದಲ್ಲೊಬ್ಬರು ರೀಡ್‌ಮಿ ತಿದ್ದಿ ಪುಶ್ ಮಾಡಿದ್ದರು. ಆ ಬಿಲ್ಡ್‌ಗಳೆಲ್ಲ ಮುಗಿದು ನಮ್ಮ ಸರದಿ ಬರುವ ಹೊತ್ತಿಗೆ 40 ನಿಮಿಷ ಕಳೆದಿತ್ತು. ಅಷ್ಟು ಹೊತ್ತು ಸುಮ್ನೆ ಪರದೆ ನೋಡುತ್ತಾ ಕೂತಿದ್ದೆವು.

ಆಮೇಲೆ ನಾನೇ ಒಂದು ಪರಿಹಾರ ಹಾಕಿದೆ. ಪ್ರತಿ ಪ್ರಾಜೆಕ್ಟಿನ ಸೆಟ್ಟಿಂಗ್‌ನಲ್ಲಿ ಬಿಲ್ಡ್ ಬೇಕೋ ಬೇಡವೋ ಎಂದು ತೀರ್ಮಾನಿಸುವ ಕಮಾಂಡ್ ಕೊಡಬಹುದು. ಅಲ್ಲಿ ‘ಗಿಟ್ ಡಿಫ್ --ಕ್ವಯೆಟ್ ಹೆಡ್^ ಹೆಡ್ -- .’ ಎಂದು ಬರೆದೆ. ಅಂದರೆ ಹಿಂದಿನ ಕಮಿಟ್‌ಗೂ (ಗಿಟ್‌ನಲ್ಲಿ ಉಳಿಸಿದ ಒಂದು ಬದಲಾವಣೆ) ಈಗಿನದಕ್ಕೂ ಈ ಫೋಲ್ಡರಿನಲ್ಲಿ ವ್ಯತ್ಯಾಸ ಇಲ್ಲದಿದ್ದರೆ ಬಿಲ್ಡ್ ಬೇಡ. ಕೆಲವು ದಿನ ಚೆನ್ನಾಗಿ ನಡೆಯಿತು. ಮೊನ್ನೆ ನಾನು ಮೂರು ಕಮಿಟ್ ಒಟ್ಟಿಗೆ ಪುಶ್ ಮಾಡಿದೆ. ಮೊದಲನೆಯದು ವೆಬ್‌ಸೈಟಿನ ಪಾವತಿ ಪುಟದ್ದು, ಕೊನೆಯದು ಡಾಕ್ಸ್‌ನದ್ದು. ವೆಬ್‌ಸೈಟ್ ಬಿಲ್ಡ್ ಸ್ಕಿಪ್ ಆಯಿತು. ಪಾವತಿ ಪುಟದ ಬದಲಾವಣೆ ಹೋಗಿಲ್ಲ ಎಂದು ಸಂಜೆಯವರೆಗೆ ಯಾರಿಗೂ ಗೊತ್ತಾಗಲಿಲ್ಲ.

ಈಗ ತಂಡದಲ್ಲಿ ಯಾರಿಗೂ ಇದರ ಮೇಲೆ ನಂಬಿಕೆ ಇಲ್ಲ. ಕಮಾಂಡ್ ತೆಗೆದುಬಿಡಿ, ಕಾದರೂ ಪರವಾಗಿಲ್ಲ ಎನ್ನುತ್ತಿದ್ದಾರೆ. ತೆಗೆಯುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು. ಇದನ್ನು ಸರಿಯಾಗಿ ಮಾಡುವ ದಾರಿ ಇದೆಯೇ?

---

ಕೀಲಿಮಣೆ

ಇಬ್ಬನಿ ಅವರೇ, ದಾರಿ ಇದೆ. ನಿಮ್ಮ ಯೋಚನೆ ಸರಿಯಾಗಿದೆ. ತಪ್ಪಿರುವುದು ಯಾವುದರ ಜೊತೆ ಹೋಲಿಸುತ್ತಿದ್ದೀರಿ ಎಂಬುದರಲ್ಲಿ.

ನೀವು ಕೇಳುತ್ತಿರುವ ಪ್ರಶ್ನೆ: ‘ಹಿಂದಿನ ಕಮಿಟ್‌ನಿಂದ ಏನು ಬದಲಾಗಿದೆ?’ ಕೇಳಬೇಕಾದ ಪ್ರಶ್ನೆ: ‘ಈ ಪ್ರಾಜೆಕ್ಟ್ ಕೊನೆಯ ಸಲ ಯಶಸ್ವಿಯಾಗಿ ಡಿಪ್ಲಾಯ್ ಆದಾಗಿನಿಂದ (ಲೈವ್‌ಗೆ ಹೋದಾಗಿನಿಂದ) ಏನು ಬದಲಾಗಿದೆ?’ ಇವೆರಡೂ ಒಂದೇ ಥರ ಕಾಣುತ್ತವೆ. ಒಂದು ಪುಶ್‌ಗೆ ಒಂದೇ ಕಮಿಟ್, ಪ್ರತಿ ಬಿಲ್ಡೂ ಪಾಸ್ ಆಗುತ್ತದೆ ಎಂದರೆ ಎರಡಕ್ಕೂ ಉತ್ತರ ಒಂದೇ. ಹಾಗಾಗಿಯೇ ನಿಮಗೆ ಮೊದಲು ಚೆನ್ನಾಗಿ ನಡೆಯಿತು.

ಮೂರು ಕಮಿಟ್ ಒಟ್ಟಿಗೆ ಹೋದದ್ದು ನಿಮಗೆ ಸಿಕ್ಕಿಬಿದ್ದ ಒಂದು ದಾರಿ. ಇನ್ನೂ ಇವೆ. ಪುಲ್ ರಿಕ್ವೆಸ್ಟ್‌ಗಳನ್ನು (ಬೇರೆ ಬ್ರಾಂಚಿನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ರೀಬೇಸ್ ಮಾಡಿ, ಅಂದರೆ ಕಮಿಟ್‌ಗಳನ್ನು ಒಂದೊಂದಾಗಿ ಸಾಲಾಗಿ ಜೋಡಿಸಿ, ಮರ್ಜ್ ಮಾಡಿದರೆ ಇದೇ ಕಥೆ, ಹತ್ತು ಕಮಿಟ್ ಮೇನ್‌ಗೆ (ಮುಖ್ಯ ಬ್ರಾಂಚಿಗೆ) ಬಂದರೆ ಕೊನೆಯದು ಮಾತ್ರ ನೋಡುತ್ತದೆ. ಸ್ಕ್ವಾಶ್ ಮರ್ಜ್ ಆದರೆ ಎಲ್ಲ ಒಂದೇ ಕಮಿಟ್, ತೊಂದರೆ ಇಲ್ಲ. ಮರ್ಜ್ ಕಮಿಟ್ ಆದರೂ ಬಚಾವ್, ಏಕೆಂದರೆ ‘ಹೆಡ್^’ ಅಂದರೆ ಮೊದಲ ಪೋಷಕ ಕಮಿಟ್, ಅಲ್ಲಿಂದ ನೋಡಿದರೆ ಇಡೀ ಬ್ರಾಂಚಿನ ಬದಲಾವಣೆ ಕಾಣುತ್ತದೆ. ಅಂದರೆ ಮರ್ಜ್ ಬಟನ್‌ನಲ್ಲಿ ಯಾವ ಆಯ್ಕೆ ಒತ್ತಿದಿರಿ ಎಂಬುದರ ಮೇಲೆ ನಿಮ್ಮ ಡಿಪ್ಲಾಯ್ ನಿಂತಿದೆ. ಇದು ಯಾರಿಗೂ ನೆನಪಿರುವುದಿಲ್ಲ.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬಿಲ್ಡ್ ಫೇಲ್ ಆದಾಗಿನ ಕಥೆ. ವೆಬ್‌ಸೈಟಿನಲ್ಲಿ ಒಂದು ಬದಲಾವಣೆ ಪುಶ್ ಮಾಡಿದಿರಿ. ಪ್ಯಾಕೇಜ್ ಡೌನ್‌ಲೋಡ್ ಆಗುವಾಗ ನೆಟ್‌ವರ್ಕ್ ಕೈಕೊಟ್ಟು ಬಿಲ್ಡ್ ಫೇಲ್ ಆಯಿತು. ಸ್ವಲ್ಪ ಹೊತ್ತಿಗೆ ಇನ್ನೊಬ್ಬರು ಡಾಕ್ಸ್ ತಿದ್ದಿ ಪುಶ್ ಮಾಡಿದರು. ವೆಬ್‌ಸೈಟ್ ಫೋಲ್ಡರಿನಲ್ಲಿ ವ್ಯತ್ಯಾಸ ಇಲ್ಲ, ಸ್ಕಿಪ್. ನಿಮ್ಮ ಬದಲಾವಣೆ ಮೇನ್‌ನಲ್ಲಿ ಇದೆ, ಸೈಟಿನಲ್ಲಿ ಇಲ್ಲ. ಮುಂದೆ ಯಾರಾದರೂ ಆ ಫೋಲ್ಡರ್ ಮುಟ್ಟುವವರೆಗೆ ಹಾಗೇ ಇರುತ್ತದೆ. ಕೆಲವು ಸೇವೆಗಳು ಕ್ಯೂನಲ್ಲಿ ಕಾಯುತ್ತಿರುವ ಹಳೆಯ ಬಿಲ್ಡ್ ಬಿಟ್ಟು ಅದೇ ಬ್ರಾಂಚಿನ ಹೊಸದನ್ನು ಮಾತ್ರ ಓಡಿಸುತ್ತವೆ. ಅಲ್ಲಿ ಫೇಲ್ ಆಗುವುದೂ ಬೇಡ, ಕ್ಯೂ ಉದ್ದವಾದರೆ ಸಾಕು, ಇದೇ ಗತಿ.

ಪರಿಹಾರಕ್ಕೆ ಬೇಕಾದ ಮಾಹಿತಿಯನ್ನು ಹೋಸ್ಟಿಂಗ್ ಸೇವೆಗಳೇ ಕೊಡುತ್ತವೆ. ವರ್ಸೆಲ್‌ನಲ್ಲಿ ‘ವರ್ಸೆಲ್_ಗಿಟ್_ಪ್ರೀವಿಯಸ್_ಎಸ್‌ಎಚ್‌ಎ’ ಎಂಬ ವೇರಿಯಬಲ್ ಇದೆ. ಆ ಪ್ರಾಜೆಕ್ಟ್, ಆ ಬ್ರಾಂಚ್ ಕೊನೆಯ ಸಲ ಯಶಸ್ವಿಯಾಗಿ ಡಿಪ್ಲಾಯ್ ಆದ ಕಮಿಟ್ ಅದರಲ್ಲಿರುತ್ತದೆ. ನೆಟ್ಲಿಫೈನಲ್ಲಿ ‘ಕ್ಯಾಶ್ಡ್_ಕಮಿಟ್_ರೆಫ್’ ಮತ್ತು ‘ಕಮಿಟ್_ರೆಫ್’ ಇವೆ. ‘ಹೆಡ್^’ ಜಾಗದಲ್ಲಿ ಇವನ್ನು ಹಾಕಿ. ವೇರಿಯಬಲ್ ಖಾಲಿ ಇದ್ದರೆ ಬಿಲ್ಡ್ ಮಾಡಲಿ, ಸ್ಕಿಪ್ ಬೇಡ.

ಎಕ್ಸಿಟ್ ಕೋಡ್ (ಕಮಾಂಡ್ ಮುಗಿದಾಗ ಕೊಡುವ ಅಂಕಿ) ಬಗ್ಗೆಯೂ ಎಚ್ಚರ. ಎರಡೂ ಕಡೆ 0 ಬಂದರೆ ಬಿಲ್ಡ್ ನಿಲ್ಲುತ್ತದೆ, 1 ಬಂದರೆ ಮುಂದುವರಿಯುತ್ತದೆ. ‘ಗಿಟ್ ಡಿಫ್ --ಕ್ವಯೆಟ್’ ವ್ಯತ್ಯಾಸ ಇದ್ದರೆ 1 ಕೊಡುತ್ತದೆ, ಇಲ್ಲದಿದ್ದರೆ 0. ಹಾಗಾಗಿ ಸರಿಹೊಂದುತ್ತದೆ. ಆದರೆ ಕೆಲವರು ಬದಲಾದ ಫೈಲ್‌ಗಳ ಪಟ್ಟಿ ತೆಗೆದು ಗ್ರೆಪ್‌ಗೆ (ಪಠ್ಯ ಹುಡುಕುವ ಕಮಾಂಡ್) ಪೈಪ್ ಮಾಡುತ್ತಾರೆ. ಗ್ರೆಪ್ ಹುಡುಕಿದ್ದು ಸಿಕ್ಕರೆ 0 ಕೊಡುತ್ತದೆ! ಅಲ್ಲಿಗೆ ಎಲ್ಲ ತಿರುಗುಮುರುಗು, ಬದಲಾದಾಗಲೇ ಬಿಲ್ಡ್ ನಿಲ್ಲುತ್ತದೆ.

---

ಸಾಲುದೀಪ

ಕೀಲಿಮಣೆ ಅವರು ಹೇಳಿದ್ದು ಅರ್ಧ ಕೆಲಸ. ಇನ್ನರ್ಧ ‘ಪ್ಯಾಕೇಜಸ್’ ಫೋಲ್ಡರಿನಲ್ಲಿದೆ.

ಇಬ್ಬನಿ ಅವರೇ, ನಿಮ್ಮ ಕಮಾಂಡಿನ ಕೊನೆಯಲ್ಲಿ ಒಂದು ಚುಕ್ಕಿ ಇದೆ. ಅಂದರೆ ಆ ಪ್ರಾಜೆಕ್ಟಿನ ಫೋಲ್ಡರ್ ಮಾತ್ರ. ನಾಳೆ ಯಾರಾದರೂ ಹಂಚಿಕೊಂಡ ಬಟನ್ ತಿದ್ದಿದರೆ? ವೆಬ್‌ಸೈಟಿನ ಫೋಲ್ಡರ್ ಬದಲಾಗಿಲ್ಲ, ಅಡ್ಮಿನ್ ಫೋಲ್ಡರ್ ಬದಲಾಗಿಲ್ಲ, ಎರಡೂ ಸ್ಕಿಪ್. ಬಟನ್ ಎಲ್ಲೂ ಹೋಗುವುದಿಲ್ಲ.

ಕೈಯಿಂದ ‘../../ಪ್ಯಾಕೇಜಸ್’ ಎಂದು ಸೇರಿಸಬಹುದು. ಆಗ ಈಮೇಲ್‌ಗೆ ಮಾತ್ರ ಬೇಕಾದ ಪ್ಯಾಕೇಜ್ ಬದಲಾದರೂ ಎಲ್ಲವೂ ಬಿಲ್ಡ್ ಆಗುತ್ತವೆ, ಮತ್ತೆ ಮೊದಲಿನ ಜಾಗಕ್ಕೆ ಬಂದಿರಿ. ಪ್ರತಿ ಪ್ರಾಜೆಕ್ಟಿಗೆ ಬೇಕಾದ್ದನ್ನೇ ಪಟ್ಟಿ ಮಾಡಬಹುದು. ಆರು ತಿಂಗಳಲ್ಲಿ ಆ ಪಟ್ಟಿ ಹಳತಾಗುತ್ತದೆ. ನಾನು ಆ ಪಟ್ಟಿ ಇಟ್ಟುಕೊಂಡು ನೋಡಿದ್ದೇನೆ. ಹೊಸ ಪ್ಯಾಕೇಜ್ ಸೇರಿಸಿದವರು ಇನ್ನೆಲ್ಲೋ ಇರುವ ಒಂದು ಸ್ಕ್ರಿಪ್ಟ್ ನೆನಪಿಟ್ಟು ತಿದ್ದಬೇಕು ಎಂದು ಕಾಯುವುದು ನ್ಯಾಯವಲ್ಲ.

ಯಾವುದು ಯಾವುದರ ಮೇಲೆ ನಿಂತಿದೆ ಎಂಬ ನಕ್ಷೆ ನಿಮ್ಮ ಪ್ಯಾಕೇಜ್ ಜೇಸನ್ ಫೈಲ್‌ಗಳಲ್ಲಿ (ಪ್ರತಿ ಪ್ರಾಜೆಕ್ಟ್ ಬಳಸುವ ಪ್ಯಾಕೇಜ್‌ಗಳನ್ನು ಹೆಸರಿಸುವ ಫೈಲ್) ಈಗಾಗಲೇ ಇದೆ. ಅದನ್ನು ಓದುವ ಸಾಧನ ಬಳಸಿ. ಟರ್ಬೊರೆಪೋ (ಮೊನೊರೆಪೋ ಬಿಲ್ಡ್ ಸಾಧನ) ಇದ್ದರೆ ಫಿಲ್ಟರ್‌ನಲ್ಲಿ ‘ವೆಬ್...[ಕಮಿಟ್]’ ಎಂದು ಬರೆದರೆ ‘ವೆಬ್ ಅಥವಾ ಅದು ನೆಚ್ಚಿಕೊಂಡ ಯಾವುದಾದರೂ ಪ್ಯಾಕೇಜ್ ಆ ಕಮಿಟ್‌ನಿಂದ ಈಚೆಗೆ ಬದಲಾಗಿದೆಯೇ’ ಎಂದರ್ಥ. ಟರ್ಬೊ-ಇಗ್ನೋರ್ ಎಂಬ ಚಿಕ್ಕ ಸಾಧನ ಇದನ್ನೇ ಮಾಡಿ ಎಕ್ಸಿಟ್ ಕೋಡ್ ಕೊಡುತ್ತದೆ. ಅಂಥದ್ದೇ ಇನ್ನೊಂದು ಸಾಧನ ಎನ್‌ಎಕ್ಸ್‌ನಲ್ಲಿ ‘ಅಫೆಕ್ಟೆಡ್’ ಕಮಾಂಡ್ ಇದೆ. ಪಿಎನ್‌ಪಿಎಂನಲ್ಲೇ ಫಿಲ್ಟರ್ ಇದೆ, ಬೇರೆ ಏನೂ ಸೇರಿಸಬೇಕಿಲ್ಲ.

ಆ ಮೂರು ಚುಕ್ಕಿಯಲ್ಲಿ ತುಂಬ ಜನ ಎಡವುತ್ತಾರೆ. ಹೆಸರಿನ ಹಿಂದೆ ಬಂದರೆ, ಅಂದರೆ ‘...ಯುಐ’ ಎಂದಿದ್ದರೆ, ಯುಐ ಎಂಬ ಪ್ಯಾಕೇಜನ್ನು ಬಳಸುವವರೆಲ್ಲ. ಹೆಸರಿನ ಮುಂದೆ ಬಂದರೆ, ‘ವೆಬ್...’, ವೆಬ್ ಯಾರನ್ನು ಬಳಸುತ್ತದೋ ಅವರೆಲ್ಲ. ‘ನಾನು ಬಿಲ್ಡ್ ಆಗಬೇಕೇ’ ಎಂದು ಒಂದು ಪ್ರಾಜೆಕ್ಟ್ ಕೇಳುವಾಗ ಎರಡನೆಯದು. ‘ಈ ಪುಶ್‌ನಿಂದ ಯಾರೆಲ್ಲ ಬಿಲ್ಡ್ ಆಗಬೇಕು’ ಎಂದು ಇಡೀ ರೆಪೋಗೆ ಕೇಳುವಾಗ ಮೊದಲನೆಯದು.

ಒಂದು ಷರತ್ತು. ನಕ್ಷೆಯಲ್ಲಿ ಬರೆದದ್ದು ಮಾತ್ರ ಇವುಗಳಿಗೆ ಕಾಣುತ್ತದೆ. ಯಾರಾದರೂ ಡಿಪೆಂಡೆನ್ಸಿ ಎಂದು ಬರೆಯದೆ ‘../../ಪ್ಯಾಕೇಜಸ್/ಯುಐ’ ಎಂದು ನೇರವಾಗಿ ಫೈಲ್ ಎಳೆದುಕೊಂಡಿದ್ದರೆ ಅದು ಲೆಕ್ಕಕ್ಕೆ ಬರುವುದಿಲ್ಲ. ಶುರು ಮಾಡುವ ಮುಂಚೆ ಇಂಥವನ್ನು ಹುಡುಕಿ ತೆಗೆಯಿರಿ. ಈ ಕೆಲಸ ಬಿಟ್ಟರೆ ಉಳಿದದ್ದೆಲ್ಲ ಮರಳ ಮೇಲೆ ಕಟ್ಟಿದ ಮನೆ.

---

ಇಬ್ಬನಿ

ಇಬ್ಬರಿಗೂ ತುಂಬ ಧನ್ಯವಾದ. ಫೇಲ್ ಆದ ಬಿಲ್ಡಿನ ಕಥೆ ಓದಿ ಹಳೆಯ ಲಾಗ್ ತೆಗೆದು ನೋಡಿದೆ. ನಮ್ಮಲ್ಲೂ ಒಂದು ಸಲ ಹಾಗೇ ಆಗಿತ್ತು, ಅಡ್ಮಿನ್‌ನಲ್ಲಿ. ನಾವು ಅದನ್ನು ‘ಬ್ರೌಸರ್ ಕ್ಯಾಶ್’ ಎಂದುಕೊಂಡು ಬಿಟ್ಟಿದ್ದೆವು.

ಹಿಂದಿನ ಡಿಪ್ಲಾಯ್‌ನ ಕಮಿಟ್ ಹಾಕಿ ನೋಡಿದೆ. ವೆಬ್‌ಸೈಟಿಗೆ ಸರಿಯಾಗಿ ಕೆಲಸ ಮಾಡಿತು. ಈಮೇಲ್ ಪ್ರಾಜೆಕ್ಟಿನಲ್ಲಿ ‘ಬ್ಯಾಡ್ ಆಬ್ಜೆಕ್ಟ್’ ಎಂದು ಗಿಟ್ ದೂರುತ್ತಿದೆ. ಆ ಕಮಿಟ್ ರೆಪೋದಲ್ಲಿ ಖಂಡಿತ ಇದೆ, ನನ್ನ ಲ್ಯಾಪ್‌ಟಾಪ್‌ನಲ್ಲಿ ಕಾಣುತ್ತದೆ. ಬಿಲ್ಡ್ ಮೆಷಿನ್‌ನಲ್ಲಿ ಯಾಕೆ ಇಲ್ಲ?

---

ತಿರುಗುಬಾಣ

ಬಿಲ್ಡ್ ಮೆಷಿನ್‌ಗಳು ಇಡೀ ಇತಿಹಾಸ ಇಳಿಸಿಕೊಳ್ಳುವುದಿಲ್ಲ. ಸಮಯ ಉಳಿಸಲು ಕೊನೆಯ ಕೆಲವು ಕಮಿಟ್ ಮಾತ್ರ ತರುತ್ತವೆ. ಇದಕ್ಕೆ ಶಾಲೋ ಕ್ಲೋನ್ ಎನ್ನುತ್ತಾರೆ. ವರ್ಸೆಲ್ 10 ಕಮಿಟ್ ತರುತ್ತದೆ. ಗಿಟ್‌ಲ್ಯಾಬ್‌ನ ಹೊಸ ಪ್ರಾಜೆಕ್ಟ್‌ಗಳಲ್ಲಿ 20. ಗಿಟ್‌ಹಬ್ ಆ್ಯಕ್ಷನ್ಸ್‌ನ ಚೆಕ್‌ಔಟ್‌ನಲ್ಲಿ (ಕೋಡ್ ಇಳಿಸುವ ಹಂತ) ನಾವೇನೂ ಹೇಳದಿದ್ದರೆ 1, ಒಂದೇ ಒಂದು. ಅಲ್ಲಿ ‘ಫೆಚ್-ಡೆಪ್ತ್: 0’ ಎಂದು ಕೊಟ್ಟರೆ ಎಲ್ಲ ಬರುತ್ತದೆ.

ನಿಮ್ಮ ಈಮೇಲ್ ಪ್ರಾಜೆಕ್ಟ್ ಅಪರೂಪಕ್ಕೆ ಬದಲಾಗುತ್ತದೆ ಅಲ್ವಾ? ಅದರ ಕೊನೆಯ ಡಿಪ್ಲಾಯ್ 10 ಕಮಿಟ್‌ಗಿಂತ ಹಿಂದಿದೆ. ಹಾಗಾಗಿ ಸಿಗುತ್ತಿಲ್ಲ. ಇದರಲ್ಲಿ ಬೇಸರದ ಸಂಗತಿ ಏನೆಂದರೆ, ಸ್ಕಿಪ್ ಮಾಡಲು ಅತಿ ಯೋಗ್ಯವಾದ ಪ್ರಾಜೆಕ್ಟಿಗೇ ಈ ಸಮಸ್ಯೆ ಬರುತ್ತದೆ. ಎಷ್ಟು ಜಾಸ್ತಿ ಸ್ಕಿಪ್ ಆಗುತ್ತದೋ ಅಷ್ಟು ಅದರ ಗುರುತು ಹಿಂದೆ ಸರಿಯುತ್ತದೆ. ಕೊನೆಗೆ ಇತಿಹಾಸದ ಅಂಚು ದಾಟುತ್ತದೆ.

ಸುಲಭದ ದಾರಿ: ಆ ಕಮಿಟ್ ಇಲ್ಲದಿದ್ದರೆ ಗಿಟ್ ಫೆಚ್ ಮಾಡಿ ಇನ್ನಷ್ಟು ಇತಿಹಾಸ ತರಿಸಿ. ಅದೂ ಆಗದಿದ್ದರೆ ಬಿಲ್ಡ್ ಮಾಡಿಬಿಡಿ. ಒಂದು ಬಿಲ್ಡ್ ಸುಮ್ನೆ ಓಡಬಹುದು, ಆದರೆ ಗುರುತು ಮತ್ತೆ ಹೊಸದಾಗುತ್ತದೆ.

ನನಗೆ ಇಷ್ಟವಾದ ದಾರಿ ಬೇರೆ. ಕಮಿಟ್‌ಗಳನ್ನು ಹೋಲಿಸುವುದೇ ಬೇಡ. ಗಿಟ್ ಪ್ರತಿ ಫೋಲ್ಡರಿಗೂ ಒಂದು ಹ್ಯಾಶ್ (ಒಳಗಿರುವುದರಿಂದ ಲೆಕ್ಕ ಹಾಕಿದ ಗುರುತು) ಇಟ್ಟಿರುತ್ತದೆ. ‘ಗಿಟ್ ರೆವ್-ಪಾರ್ಸ್ ಹೆಡ್:ಆ್ಯಪ್ಸ್/ಈಮೇಲ್’ ಎಂದರೆ ಅದು ಸಿಗುತ್ತದೆ. ಫೋಲ್ಡರಿನೊಳಗೆ ಎಲ್ಲಿ ಒಂದು ಅಕ್ಷರ ಬದಲಾದರೂ ಈ ಹ್ಯಾಶ್ ಬದಲಾಗುತ್ತದೆ. ಏನೂ ಬದಲಾಗದಿದ್ದರೆ ನೂರು ಕಮಿಟ್ ಆದಮೇಲೂ ಅದೇ ಇರುತ್ತದೆ. ಇತಿಹಾಸ ಬೇಡವೇ ಬೇಡ, ಒಂದೇ ಕಮಿಟ್ ಇದ್ದರೂ ಸಾಕು.

ನಾವು ಮಾಡುವುದು ಹೀಗೆ. ಪ್ರಾಜೆಕ್ಟಿನ ಫೋಲ್ಡರ್, ಅದು ಬಳಸುವ ಪ್ಯಾಕೇಜ್‌ಗಳ ಫೋಲ್ಡರ್, ಲಾಕ್‌ಫೈಲ್ (ಬಳಸುವ ಲೈಬ್ರರಿಗಳ ನಿಖರ ಆವೃತ್ತಿಗಳ ಪಟ್ಟಿ), ಎಲ್ಲದರ ಹ್ಯಾಶ್ ಸೇರಿಸಿ ಒಂದು ಹ್ಯಾಶ್ ಮಾಡುತ್ತೇವೆ. ಬಿಲ್ಡ್ ಆಗುವಾಗ ಅದನ್ನು ಒಂದು ಪುಟ್ಟ ಟೆಕ್ಸ್ಟ್ ಫೈಲ್‌ನಲ್ಲಿ ಬರೆದು ಸೈಟಿನ ಜೊತೆಗೇ ಡಿಪ್ಲಾಯ್ ಮಾಡುತ್ತೇವೆ. ಮುಂದಿನ ಸಲ ಲೈವ್ ಸೈಟಿನಿಂದ ಆ ಫೈಲ್ ತಂದು ಹೋಲಿಸುತ್ತೇವೆ. ಒಂದೇ ಆಗಿದ್ದರೆ ಸ್ಕಿಪ್. ಫೈಲ್ ಸಿಗದಿದ್ದರೆ ಬಿಲ್ಡ್. ಲೈವ್‌ನಲ್ಲಿ ಏನಿದೆ ಎಂದು ಲೈವ್ ಸೈಟನ್ನೇ ಕೇಳುವುದರಿಂದ ‘ಡಿಪ್ಲಾಯ್ ಆಗಿದೆ ಎಂದುಕೊಂಡಿದ್ದೆವು, ಆಗಿರಲಿಲ್ಲ’ ಎಂಬ ಮಾತೇ ಬರುವುದಿಲ್ಲ. ಒಂದು ಬದಲಾವಣೆ ಮಾಡಿ, ಡಿಪ್ಲಾಯ್ ಆಗುವ ಮುಂಚೆಯೇ ರಿವರ್ಟ್ ಮಾಡಿದರೆ ಹ್ಯಾಶ್ ಮೊದಲಿನದಕ್ಕೇ ಬರುತ್ತದೆ. ಸರಿಯಾಗಿಯೇ ಸ್ಕಿಪ್ ಆಗುತ್ತದೆ. ಇದನ್ನು ಮೊದಲ ಸಲ ನೋಡಿದಾಗ ತುಂಬ ಖುಷಿಯಾಗಿತ್ತು.

---

ನೀಲಿಬೆಳಕು

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಸ್ಕಿಪ್ ಮಾಡುವುದೇ ಯಾಕೆ? ಟರ್ಬೊರೆಪೋ, ಎನ್‌ಎಕ್ಸ್ ಎರಡರಲ್ಲೂ ರಿಮೋಟ್ ಕ್ಯಾಶ್ ಇದೆ. ಇನ್‌ಪುಟ್ ಬದಲಾಗದಿದ್ದರೆ ಹಿಂದಿನ ಬಿಲ್ಡಿನ ಫಲಿತಾಂಶವನ್ನೇ ತಂದು ಇಡುತ್ತವೆ. ಎಲ್ಲ ಪ್ರಾಜೆಕ್ಟ್ ಪ್ರತಿ ಸಲ ಡಿಪ್ಲಾಯ್ ಆಗಲಿ, ಬದಲಾಗದ್ದು ಬೇಗ ಮುಗಿಯಲಿ. ಆಗ ಆರೂ ಪ್ರಾಜೆಕ್ಟ್ ಯಾವಾಗಲೂ ಒಂದೇ ಕಮಿಟ್‌ನಲ್ಲಿರುತ್ತವೆ. ‘ಲೈವ್‌ನಲ್ಲಿ ಯಾವ ಕಮಿಟ್ ಇದೆ’ ಎಂದರೆ ಒಂದೇ ಉತ್ತರ. ರಾತ್ರಿ ಏನಾದರೂ ಕೆಟ್ಟಾಗ ಈ ಒಂದೇ ಉತ್ತರದ ಬೆಲೆ ಗೊತ್ತಾಗುತ್ತದೆ.

ರೋಲ್‌ಬ್ಯಾಕ್ ಬಗ್ಗೆಯೂ ಯೋಚಿಸಿ. ಸೈಟ್ ಕೆಟ್ಟಿತು, ಡ್ಯಾಶ್‌ಬೋರ್ಡಿನಿಂದ ಹಿಂದಿನ ಡಿಪ್ಲಾಯ್‌ಗೆ ಹೋದಿರಿ. ಕೆಟ್ಟ ಕೋಡ್ ಇನ್ನೂ ಮೇನ್‌ನಲ್ಲಿದೆ. ತಿರುಗುಬಾಣ ಅವರ ವಿಧಾನದಲ್ಲಿ ಲೈವ್ ಹ್ಯಾಶ್ ಹಳೆಯದು, ಮೇನ್‌ನ ಹ್ಯಾಶ್ ಹೊಸದು. ಡಾಕ್ಸ್ ತಿದ್ದಿದ ಪುಶ್ ಬಂದರೂ ವೆಬ್‌ಸೈಟ್ ಬಿಲ್ಡ್ ಆಗಿ ಕೆಟ್ಟ ಕೋಡ್ ಮತ್ತೆ ಲೈವ್‌ಗೆ ಹೋಗಬಹುದು.

---

ತಿರುಗುಬಾಣ

ರೋಲ್‌ಬ್ಯಾಕ್ ಮಾತು ಒಪ್ಪುತ್ತೇನೆ. ಆದರೆ ಎಲ್ಲವನ್ನೂ ಪ್ರತಿ ಸಲ ಬಿಲ್ಡ್ ಮಾಡಿದರೂ ಮುಂದಿನ ಪುಶ್‌ಗೆ ಕೆಟ್ಟ ಕೋಡ್ ವಾಪಸ್ ಬರುತ್ತದೆಯಲ್ಲ? ಡ್ಯಾಶ್‌ಬೋರ್ಡಿನಲ್ಲಿ ಹಿಂದೆ ಹೋದಮೇಲೆ ಗಿಟ್‌ನಲ್ಲೂ ರಿವರ್ಟ್ ಮಾಡಲೇಬೇಕು. ಇದು ಸ್ಕಿಪ್ ಮಾಡಿದರೂ ಮಾಡದಿದ್ದರೂ ಇರುವ ನಿಯಮ.

ಕ್ಯಾಶ್ ವಿಷಯಕ್ಕೆ ಬಂದರೆ, ಇಬ್ಬನಿ ಅವರ ತೊಂದರೆ ಕ್ಯೂ. ಕ್ಯಾಶ್ ಇದ್ದರೂ ಮೆಷಿನ್ ಏಳಬೇಕು, ರೆಪೋ ಇಳಿಯಬೇಕು, ಪ್ಯಾಕೇಜ್‌ಗಳು ಇನ್‌ಸ್ಟಾಲ್ ಆಗಬೇಕು, ಕೊನೆಗೆ ಫಲಿತಾಂಶ ಅಪ್‌ಲೋಡ್ ಆಗಬೇಕು. ಬಿಲ್ಡ್ ಹಂತ ಸೊನ್ನೆಗೆ ಇಳಿದರೂ ಇವು ಉಳಿಯುತ್ತವೆ. ಆರು ಸಲ, ಒಂದರ ಹಿಂದೆ ಒಂದು.

---

ನೀಲಿಬೆಳಕು

ಒಂದೇ ಬಿಲ್ಡ್ ಓಡುವ ಪ್ಲಾನ್ ಎಂಬುದನ್ನು ನಾನು ಸರಿಯಾಗಿ ಓದಿರಲಿಲ್ಲ, ಕ್ಷಮಿಸಿ. ಹಾಗಿದ್ದರೆ ಸ್ಕಿಪ್ ಬೇಕು. ಎರಡನ್ನೂ ಹಾಕಿ ಎನ್ನುತ್ತೇನೆ. ಬದಲಾಗದ್ದು ಸ್ಕಿಪ್ ಆಗಲಿ. ಅನುಮಾನ ಬಂದು ಬಿಲ್ಡ್ ಆದದ್ದು ಕ್ಯಾಶ್‌ನಿಂದ ಬೇಗ ಮುಗಿಯಲಿ. ಕ್ಯಾಶ್ ಇದ್ದರೆ ‘ಗೊತ್ತಾಗದಿದ್ದರೆ ಬಿಲ್ಡ್ ಮಾಡು’ ಎಂದು ಧೈರ್ಯವಾಗಿ ಬರೆಯಬಹುದು.

ಕ್ಯಾಶ್ ಹಾಕುವಾಗ ಎನ್ವಿರಾನ್ಮೆಂಟ್ ವೇರಿಯಬಲ್‌ಗಳನ್ನು (ಕೋಡಿನ ಹೊರಗೆ ಇಟ್ಟ ಸೆಟ್ಟಿಂಗ್‌ಗಳು) ಕಾನ್ಫಿಗ್‌ನಲ್ಲಿ ಹೆಸರಿಸಿ ಬರೆಯುವುದು ಮರೆಯಬೇಡಿ. ಇಲ್ಲದಿದ್ದರೆ ಅವು ಬದಲಾದದ್ದು ಹ್ಯಾಶ್‌ಗೆ ಗೊತ್ತಾಗದೆ ಹಳೆಯ ಫಲಿತಾಂಶ ಬರುತ್ತದೆ.

---

ಸಾಲುದೀಪ

ಕ್ಯೂ ಎಂದಾಗ ಒಂದು ಮುಖ್ಯ ವಿಷಯ ನೆನಪಾಯಿತು. ಸ್ಕಿಪ್ ಮಾಡುವ ಕಮಾಂಡ್ ಓಡುವುದಕ್ಕೂ ಒಂದು ಮೆಷಿನ್ ಬೇಕು. ವರ್ಸೆಲ್‌ನ ‘ಇಗ್ನೋರ್ಡ್ ಬಿಲ್ಡ್ ಸ್ಟೆಪ್’ ಬಳಸಿ ರದ್ದಾದ ಬಿಲ್ಡ್ ಕೂಡ ಕ್ಯೂನಲ್ಲಿ ಜಾಗ ಹಿಡಿಯುತ್ತದೆ, ಡಿಪ್ಲಾಯ್ ಲೆಕ್ಕಕ್ಕೂ ಸೇರುತ್ತದೆ. ಬೇಗ ಮುಗಿಯುತ್ತದೆ ನಿಜ, ಆದರೆ ತನ್ನ ಸರದಿ ಬರುವವರೆಗೆ ಅದೂ ಕಾಯುತ್ತದೆ.

ಅದೇ ಸೇವೆಯಲ್ಲಿ ಬದಲಾಗದ ಪ್ರಾಜೆಕ್ಟ್‌ಗಳನ್ನು ತಾನಾಗಿ ಸ್ಕಿಪ್ ಮಾಡುವ ಇನ್ನೊಂದು ಸೌಲಭ್ಯ ಇದೆ. ಅದು ಮೆಷಿನ್ ಏಳುವ ಮುಂಚೆಯೇ ತೀರ್ಮಾನಿಸುವುದರಿಂದ ಕ್ಯೂನಲ್ಲಿ ಜಾಗ ಹಿಡಿಯುವುದಿಲ್ಲ. ಅದಕ್ಕೆ ರೆಪೋದಲ್ಲಿ ವರ್ಕ್‌ಸ್ಪೇಸ್ ಇರಬೇಕು, ಪ್ರತಿ ಪ್ಯಾಕೇಜಿಗೂ ಬೇರೆ ಬೇರೆ ಹೆಸರು ಇರಬೇಕು, ಯಾವುದು ಯಾವುದನ್ನು ಬಳಸುತ್ತದೆ ಎಂದು ಪ್ಯಾಕೇಜ್ ಜೇಸನ್‌ನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಇನ್ನೊಂದು ಹೋಸ್ಟಿಂಗ್ ಸೇವೆ ಕ್ಲೌಡ್‌ಫ್ಲೇರ್ ಪೇಜಸ್‌ನಲ್ಲಿ ‘ಬಿಲ್ಡ್ ವಾಚ್ ಪಾತ್ಸ್’ ಇದೆ. ಯಾವ ದಾರಿ ಬದಲಾದರೆ ಬಿಲ್ಡ್ ಆಗಬೇಕು, ಯಾವುದಕ್ಕೆ ಬೇಡ ಎಂದು ಬರೆಯಬಹುದು. ಅಲ್ಲಿ ಒಂದು ಪುಶ್‌ನಲ್ಲಿ 3000ಕ್ಕಿಂತ ಜಾಸ್ತಿ ಫೈಲ್ ಅಥವಾ 20ಕ್ಕಿಂತ ಜಾಸ್ತಿ ಕಮಿಟ್ ಇದ್ದರೆ ಆ ನಿಯಮ ಬದಿಗಿಟ್ಟು ಬಿಲ್ಡ್ ಮಾಡುತ್ತದೆ. ನನಗೆ ಆ ನಡವಳಿಕೆ ಸರಿ ಅನ್ನಿಸುತ್ತದೆ.

ಇಬ್ಬನಿ ಅವರೇ, ನಿಮ್ಮ ಸೇವೆಯಲ್ಲಿ ಇಂಥದ್ದು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಸ್ಕ್ರಿಪ್ಟ್ ಬರೆಯುವ ಮುಂಚೆ ಅದನ್ನೇ ಪ್ರಯತ್ನಿಸಿ.

---

ಹೊಸಚಿಗುರು

ಗಿಟ್‌ಹಬ್ ಆ್ಯಕ್ಷನ್ಸ್‌ನಿಂದ ಡಿಪ್ಲಾಯ್ ಮಾಡುವವರಿಗೆ ಒಂದು ಮಾತು ಸೇರಿಸುತ್ತೇನೆ. ವರ್ಕ್‌ಫ್ಲೋಗೆ (ತಾನಾಗಿ ಓಡುವ ಕೆಲಸಗಳ ಸರಣಿ) ‘ಪಾತ್ಸ್’ ಹಾಕಿ ಸ್ಕಿಪ್ ಮಾಡುವುದು ಸುಲಭ. ಆದರೆ ಆ ಚೆಕ್ ಮರ್ಜ್ ಮಾಡಲು ಕಡ್ಡಾಯ ಎಂದಿದ್ದರೆ ಪುಲ್ ರಿಕ್ವೆಸ್ಟ್ ಅಲ್ಲೇ ಸಿಕ್ಕಿಕೊಳ್ಳುತ್ತದೆ. ವರ್ಕ್‌ಫ್ಲೋ ಓಡಲೇ ಇಲ್ಲ, ಹಾಗಾಗಿ ಚೆಕ್ ‘ಪೆಂಡಿಂಗ್’ ಎಂದೇ ಉಳಿಯುತ್ತದೆ. ಅದರ ಬದಲು ವರ್ಕ್‌ಫ್ಲೋ ಓಡಲಿ, ಒಳಗಿನ ಜಾಬ್‌ಗೆ ‘ಇಫ್’ ಷರತ್ತು ಹಾಕಿ. ಷರತ್ತಿನಿಂದ ಸ್ಕಿಪ್ ಆದ ಜಾಬ್ ಪಾಸ್ ಎಂದು ಲೆಕ್ಕವಾಗುತ್ತದೆ.

ಗಿಟ್‌ಲ್ಯಾಬ್‌ನಲ್ಲಿ ‘ರೂಲ್ಸ್: ಚೇಂಜಸ್’ ಬಳಸುವವರು ಇದನ್ನು ಗಮನಿಸಿ: ಹೊಸ ಬ್ರಾಂಚ್ ಮೊದಲ ಸಲ ಪುಶ್ ಆದಾಗ ಹೋಲಿಸಲು ಹಿಂದಿನದೇನೂ ಇಲ್ಲದ್ದರಿಂದ ಎಲ್ಲ ಬದಲಾಗಿದೆ ಎಂದೇ ತಿಳಿಯುತ್ತದೆ. ಶೆಡ್ಯೂಲ್ ಮಾಡಿದ ಪೈಪ್‌ಲೈನ್‌ನಲ್ಲೂ ಹಾಗೇ. ‘ಕಂಪೇರ್_ಟು’ ಕೊಟ್ಟು ಮೇನ್ ಜೊತೆ ಹೋಲಿಸಲು ಹೇಳಬಹುದು.

ನನ್ನದೂ ಒಂದು ಪ್ರಶ್ನೆ: ಪ್ರಿವ್ಯೂ ಡಿಪ್ಲಾಯ್‌ಗಳನ್ನು (ಲೈವ್‌ಗೆ ಹೋಗುವ ಮುಂಚೆ ಬ್ರಾಂಚಿನ ಬದಲಾವಣೆ ನೋಡಲು ಮಾಡುವವು) ನೀವೆಲ್ಲ ಏನು ಮಾಡುತ್ತೀರಿ? ನಾವು ಸ್ಕಿಪ್ ಹಾಕಿದಮೇಲೆ ವೆಬ್‌ಸೈಟಿನ ಪ್ರಿವ್ಯೂ ತೆರೆದರೆ ಅದು ಎಪಿಐನ ಪ್ರಿವ್ಯೂ ಹುಡುಕುತ್ತದೆ. ಎಪಿಐ ಬದಲಾಗಿಲ್ಲ, ಸ್ಕಿಪ್ ಆಗಿದೆ, ವಿಳಾಸವೇ ಇಲ್ಲ. ಪುಟ ಖಾಲಿ.

---

ಕೀಲಿಮಣೆ

ಹೊಸಚಿಗುರು ಅವರೇ, ನಾವು ಇದೇ ಜಾಗದಲ್ಲಿ ಎರಡು ದಿನ ಕಳೆದಿದ್ದೇವೆ. ಈಗ ಹೀಗಿದೆ: ಈ ಬ್ರಾಂಚಿಗೆ ಎಪಿಐ ಪ್ರಿವ್ಯೂ ಇದ್ದರೆ ಅದು, ಇಲ್ಲದಿದ್ದರೆ ಮೇನ್‌ನಿಂದ ಡಿಪ್ಲಾಯ್ ಆಗಿ ನಿಂತಿರುವ ಪರೀಕ್ಷಾ ಎಪಿಐ. ವಿಳಾಸವನ್ನು ಬಿಲ್ಡ್ ಆಗುವಾಗ ನಿರ್ಧರಿಸುತ್ತೇವೆ. ಎಪಿಐ ಬದಲಾಗಿಲ್ಲ ಅಂದಮೇಲೆ ಮೇನ್‌ನದ್ದೇ ಸಾಕು. ಎಚ್ಚರ ಬೇಕಾದ್ದು ಒಂದೇ ಕಡೆ: ಅದು ನಿಜವಾದ ಬಳಕೆದಾರರ ಡೇಟಾ ಇರುವ ಎಪಿಐ ಆಗಿರಬಾರದು.

ಪ್ರಿವ್ಯೂನಲ್ಲಿ ಯಾವುದರ ಜೊತೆ ಹೋಲಿಸುವುದು ಎಂಬುದೂ ಬೇರೆ. ಬ್ರಾಂಚಿನ ಮೊದಲ ಡಿಪ್ಲಾಯ್‌ಗೆ ಹಿಂದಿನ ಗುರುತು ಇರುವುದಿಲ್ಲ. ಅಲ್ಲಿ ಮೇನ್‌ನಿಂದ ಬ್ರಾಂಚ್ ಕವಲೊಡೆದ ಕಮಿಟ್ ಜೊತೆ ಹೋಲಿಸಿ. ಗಿಟ್ ಡಿಫ್‌ನಲ್ಲಿ ‘ಮೇನ್...ಹೆಡ್’ ಎಂದು ಮೂರು ಚುಕ್ಕಿ ಇಟ್ಟರೆ ಅದೇ ಅರ್ಥ. ಎರಡು ಚುಕ್ಕಿ ಇಟ್ಟರೆ ಮೇನ್‌ನಲ್ಲಿ ಬೇರೆಯವರು ಮಾಡಿದ ಬದಲಾವಣೆಯೂ ವ್ಯತ್ಯಾಸವಾಗಿ ಕಾಣುತ್ತದೆ.

---

ಸಾಲುದೀಪ

ರೂಟ್ ಫೋಲ್ಡರಿನ ಫೈಲ್‌ಗಳ ಬಗ್ಗೆ ಯಾರೂ ಹೇಳಲಿಲ್ಲ. ನೋಡ್ ಆವೃತ್ತಿ ಬರೆದ ಫೈಲ್, ಟೈಪ್‌ಸ್ಕ್ರಿಪ್ಟ್‌ನ ಮೂಲ ಕಾನ್ಫಿಗ್, ಬಿಲ್ಡ್ ಸ್ಕ್ರಿಪ್ಟ್‌ಗಳು. ಇವು ಬದಲಾದರೆ ಎಲ್ಲವೂ ಬಿಲ್ಡ್ ಆಗಬೇಕು. ಟರ್ಬೊರೆಪೋದಲ್ಲಿ ‘ಗ್ಲೋಬಲ್ ಡಿಪೆಂಡೆನ್ಸೀಸ್’ ಪಟ್ಟಿಯಲ್ಲಿ ಹಾಕಿ.

ಲಾಕ್‌ಫೈಲ್ ಸ್ವಲ್ಪ ಗೊಂದಲದ್ದು. ಫೈಲ್ ಬದಲಾಗಿದೆಯೇ ಎಂದಷ್ಟೇ ನೋಡಿದರೆ ಡಾಕ್ಸ್‌ಗೆ ಒಂದು ಪ್ಯಾಕೇಜ್ ಸೇರಿಸಿದರೂ ಆರೂ ಬಿಲ್ಡ್. ಟರ್ಬೊರೆಪೋ ಲಾಕ್‌ಫೈಲ್ ಒಳಗೆ ಓದಿ ಯಾರ ಡಿಪೆಂಡೆನ್ಸಿ ಬದಲಾಗಿದೆ ಎಂದು ನೋಡುತ್ತದೆ. ತಾವೇ ಹ್ಯಾಶ್ ಮಾಡುವವರು ಇಡೀ ಫೈಲ್ ಸೇರಿಸಿಬಿಡಿ. ಅದನ್ನು ಬಿಟ್ಟು ಉಳಿಸುವ ಸಮಯಕ್ಕಿಂತ ಹಳೆಯ ಲೈಬ್ರರಿ ಲೈವ್‌ನಲ್ಲಿ ಉಳಿಯುವ ಅಪಾಯ ದೊಡ್ಡದು.

ಗಿಟ್‌ನಲ್ಲಿ ಇಲ್ಲದ ಬದಲಾವಣೆಗಳೂ ಇವೆ. ಡ್ಯಾಶ್‌ಬೋರ್ಡಿನಲ್ಲಿ ಎಪಿಐ ಕೀಲಿ ಬದಲಾಯಿಸಿದಿರಿ. ಸಿಎಂಎಸ್‌ನಲ್ಲಿ (ಸೈಟಿನ ಬರಹ ನಿರ್ವಹಿಸುವ ವ್ಯವಸ್ಥೆ) ಯಾರೋ ಬರಹ ತಿದ್ದಿದರು, ಸೈಟ್ ಅದನ್ನು ಬಿಲ್ಡ್ ಆಗುವಾಗ ಎಳೆದುಕೊಳ್ಳುತ್ತದೆ. ಗಿಟ್ ಡಿಫ್‌ಗೆ ಇದೆಲ್ಲ ಕಾಣುವುದಿಲ್ಲ. ಮೊದಲು ಪ್ರತಿ ಪುಶ್‌ಗೂ ಬಿಲ್ಡ್ ಆಗುತ್ತಿದ್ದುದರಿಂದ ಇವೂ ತಾವಾಗಿ ಹೋಗುತ್ತಿದ್ದವು. ಸ್ಕಿಪ್ ಹಾಕಿದ ದಿನದಿಂದ ನಿಲ್ಲುತ್ತವೆ. ಹಾಗಾಗಿ ಬಲವಂತವಾಗಿ ಬಿಲ್ಡ್ ಮಾಡಿಸುವ ಒಂದು ದಾರಿ ಇಟ್ಟುಕೊಳ್ಳಿ, ಅದು ತಂಡದಲ್ಲಿ ಎಲ್ಲರಿಗೂ ಗೊತ್ತಿರಲಿ.

---

ಇಬ್ಬನಿ

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಇಲ್ಲಿ ಹೇಳಿದ್ದನ್ನೆಲ್ಲ ತಂಡದ ಜೊತೆ ಕೂತು ಓದಿದೆವು.

ಮೊದಲು ಸಾಲುದೀಪ ಅವರು ಹೇಳಿದಂತೆ ನೇರವಾಗಿ ಫೈಲ್ ಎಳೆದುಕೊಂಡ ಜಾಗಗಳನ್ನು ಹುಡುಕಿದೆ. ಹನ್ನೊಂದು ಸಿಕ್ಕವು. ಅದರಲ್ಲಿ ನಾಲ್ಕು ಪಾವತಿ ಪುಟದಲ್ಲೇ ಇದ್ದವು. ಎಲ್ಲವನ್ನೂ ಸರಿಯಾದ ಡಿಪೆಂಡೆನ್ಸಿಯಾಗಿ ಬರೆದೆವು. ಇದಕ್ಕೇ ಎರಡು ದಿನ ಹಿಡಿಯಿತು. ಉಳಿದ ಕೆಲಸ ಅರ್ಧ ದಿನದ್ದು.

ನಮ್ಮ ಸೇವೆಯಲ್ಲಿ ಮೆಷಿನ್ ಏಳುವ ಮುಂಚೆಯೇ ಸ್ಕಿಪ್ ಮಾಡುವ ಸೌಲಭ್ಯ ಇತ್ತು. ನಾಲ್ಕು ಪ್ರಾಜೆಕ್ಟಿಗೆ ಅದನ್ನೇ ಹಾಕಿ ಹಳೆಯ ಕಮಾಂಡ್ ತೆಗೆದೆವು. ಎರಡು ಎಪಿಐಗಳ ಬಿಲ್ಡ್ ಸ್ವಲ್ಪ ವಿಚಿತ್ರವಾಗಿದೆ, ರೂಟ್‌ನ ಸ್ಕ್ರಿಪ್ಟ್‌ಗಳನ್ನು ಬಳಸುತ್ತವೆ. ಅವಕ್ಕೆ ತಿರುಗುಬಾಣ ಅವರ ಹ್ಯಾಶ್ ವಿಧಾನ. ಈಗಿನ ಹ್ಯಾಶ್ ಹೇಳುವ ಒಂದು ವಿಳಾಸ ಎಪಿಐನಲ್ಲಿ ಇಟ್ಟೆವು. ಬಿಲ್ಡ್ ಶುರುವಾಗುವ ಮುಂಚೆ ಅದನ್ನು ಕೇಳುತ್ತೇವೆ, ಉತ್ತರ ಬರದಿದ್ದರೆ ಬಿಲ್ಡ್.

ಬೇಕೆಂದೇ ಕೆಡಿಸಿ ನೋಡಿದೆವು. ಮೂರು ಕಮಿಟ್ ಒಟ್ಟಿಗೆ ಪುಶ್ ಮಾಡಿದೆವು. ಫೇಲ್ ಆಗುವ ಬಿಲ್ಡ್ ಕಳಿಸಿ, ಅದರ ಹಿಂದೆಯೇ ಡಾಕ್ಸ್ ಬದಲಾವಣೆ ಕಳಿಸಿದೆವು. ಹಂಚಿಕೊಂಡ ಬಟನ್ ಮಾತ್ರ ತಿದ್ದಿದೆವು. ಪ್ರತಿ ಸಲವೂ ಬಿಲ್ಡ್ ಆಗಬೇಕಾದದ್ದೇ ಆಯಿತು. ತೆಗೆದುಬಿಡಿ ಎಂದು ಮೊದಲು ಹೇಳಿದ್ದ ಸಹೋದ್ಯೋಗಿಯೇ ಫೇಲ್ ಆಗುವ ಪರೀಕ್ಷೆ ಬರೆದುಕೊಟ್ಟರು. ನನಗೆ ಅದು ದೊಡ್ಡ ಸಮಾಧಾನ.

ಡಾಕ್ಸ್ ತಿದ್ದಿದರೆ ಈಗ ಡಾಕ್ಸ್ ಮಾತ್ರ ಬಿಲ್ಡ್ ಆಗುತ್ತದೆ. ಒಂದು ಕೊರತೆ ಉಳಿದಿದೆ: ಎಪಿಐ ಯಾಕೆ ಸ್ಕಿಪ್ ಆಯಿತು ಎಂದು ಯಾರಾದರೂ ಕೇಳಿದರೆ ನನ್ನ ಹತ್ತಿರ ತಕ್ಷಣ ಉತ್ತರ ಇಲ್ಲ.

---

ಕೀಲಿಮಣೆ

ಓದಿ ತುಂಬ ಸಂತೋಷವಾಯಿತು. ಸ್ಕ್ರಿಪ್ಟ್ ತೀರ್ಮಾನ ಮಾಡುವ ಮುಂಚೆ ಲಾಗ್‌ನಲ್ಲಿ ಮೂರು ಸಾಲು ಬರೆಯಲಿ: ಯಾವ ಹ್ಯಾಶ್ ಜೊತೆ ಹೋಲಿಸಿದೆ, ಯಾವ ಫೋಲ್ಡರ್‌ಗಳನ್ನು ನೋಡಿದೆ, ಯಾವುದು ಬದಲಾಗಿತ್ತು. ಫೋಲ್ಡರ್ ಹ್ಯಾಶ್‌ಗಳನ್ನು ಸೇರಿಸಿ ಒಂದು ಮಾಡುವ ಮುಂಚೆ ಬಿಡಿಬಿಡಿಯಾಗಿಯೂ ಬರೆಯಿರಿ, ಆಗ ಯಾವ ಪ್ಯಾಕೇಜಿನಿಂದ ಬಿಲ್ಡ್ ಆಯಿತು ಎಂದೂ ತಿಳಿಯುತ್ತದೆ.

---

ಇಬ್ಬನಿ

ಸೇರಿಸಿದೆ. ಮೊದಲ ಲಾಗ್‌ನಲ್ಲೇ ಒಂದು ವಿಷಯ ಕಂಡಿತು: ದಿನಾಂಕದ ಪ್ಯಾಕೇಜ್ ಬದಲಾದಾಗಲೆಲ್ಲ ಎರಡನೇ ಎಪಿಐ ಬಿಲ್ಡ್ ಆಗುತ್ತಿದೆ. ಆ ಎಪಿಐ ಅದನ್ನು ಬಳಸುವುದನ್ನು ಬಿಟ್ಟು ತಿಂಗಳುಗಳೇ ಆಗಿವೆ, ಪ್ಯಾಕೇಜ್ ಜೇಸನ್‌ನಲ್ಲಿ ಹೆಸರು ಮಾತ್ರ ಉಳಿದಿತ್ತು. ಈಗ ತೆಗೆದೆ.